ನೆನೆಹಾಕಿದ ದಾರ

ಹಸೈನಾರ್ಚನ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದ್ದಾರೆ
ಏಳು ತಲೆಗಳು. ಅಂದರೆ ಮಿಷನಿನ ತಲೆ,
ಹುಲ್ಲು ಕಡಿಯುವುದರದ್ದು.
ಸೀತಂಗೋಳಿಯ ಪೇಟೆಯಲ್ಲಿ ಮಧ್ಯಾಹ್ನದ ಬಾಂಗು ಮುಗಿದಿದೆ.
ಫ್ಯಾನು ಈ ಕಡೆ ತಿರುಗಿದಾಗೆಲ್ಲ
ಅವು ಒಂದಕ್ಕೊಂದು ತಾಗಿ ಕಿಣಿ ಅನ್ನುತ್ತವೆ.

ಅಕ್ಕಾ, ಇದು ನೋಡಿ, ಎಂದು ಹುಡುಗ ಒಂದೊಂದೇ ಇಳಿಸಿದ.
ಮೂರೆಸಳಿನ ಬ್ಲೇಡು: ಬಲ್ಲೆಗೆ, ಕಮ್ಯುನಿಸ್ಟ್ ಗಿಡಕ್ಕೆ.
ಎಂಬತ್ತು ಹಲ್ಲಿನ ಚಕ್ರ: ಹೆಬ್ಬೆರಳು ದಪ್ಪದ ಮರಿಮರಕ್ಕೆ.
ಗದ್ದೆಯ ಕಳೆ ಕೀಳುವ ಚಕ್ರವೂ ಉಂಟು,
ಕೊಂಡುಹೋದವರು ಇಬ್ಬರು,
ಇಬ್ಬರೂ ವಾಪಸು ತಂದಿದ್ದಾರೆ.
ಮತ್ತೆ ಇದು, ಕೆಂಪು ಗುಬ್ಬಿಯ ದಾರದ ತಲೆ,
ಓಡುವಾಗಲೇ ನೆಲಕ್ಕೊಮ್ಮೆ ಕುಟ್ಟಿದರೆ ಸಾಕು,
ದಾರ ತಾನೇ ಇಳಿಯುತ್ತದೆ.

ತಾನೇ ಇಳಿಯುವ ಯಾವುದನ್ನೂ ನಾನು ನಂಬುವುದಿಲ್ಲ.
ನಮ್ಮ ಪದವಿನ ಮುರಕಲ್ಲಿನ ಪುಡಿ ಅದರ ಹೊಟ್ಟೆಗೆ ಹೋದರೆ
ಮೂರನೇ ದಿನ, ಕಫ ಕಟ್ಟಿದ ಎದೆಯ ಹಾಗೆ,
ಕುಟ್ಟಿದರೂ ಬಾರದು, ಎಳೆದರೂ ಬಾರದು.

ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದವಳು ನಾನು.
ನೂಲು ಎಲ್ಲಿ ತುಂಡಾಗಬೇಕೆಂದು
ಹೆಬ್ಬೆರಳಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.
ಅಲ್ಯೂಮಿನಿಯಂ ತಲೆ ತೆಗೆದುಕೊಂಡೆ,
ನಾಲ್ಕು ತೂತಿನದ್ದು, ಬುದ್ಧಿಯಿಲ್ಲದ್ದು.
ಗೇಣು ಗೇಣು ಕತ್ತರಿಸಿ ಪೋಣಿಸಿದ್ದನ್ನು
ತಿರುಗಿಸುವುದಷ್ಟೇ ಅದರ ಕೆಲಸ.

ದಾರ ಚೌಕದ್ದೋ ಉರುಟಿನದ್ದೋ?
ಚೌಕದ್ದಕ್ಕೆ ಸಿಟ್ಟು ಹೆಚ್ಚು, ಬೇಗ ಸವೆಯುತ್ತದೆ.
ಉರುಟಿನದ್ದೇ ಕೊಡು, ಮೂರು ಎಂಎಂ.
ಕಲ್ಲಿಗೆ ಬಡಿದೂ ಬದುಕಬೇಕು.

ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕಿದೆ,
ಬೀಡಿ ಎಲೆ ನೆನೆಯುತ್ತಿದ್ದ ಅದೇ ಬೋಗುಣಿಯಲ್ಲಿ.
ಒಣಗಿದ ಎಲೆ ಸುರುಳಿ ಬಾರದು,
ಒಣಗಿದ ನೈಲಾನು ಪೆಟ್ಟು ತಾಳದು.
ಹುಡುಗನಿಗೆ ಗೊತ್ತಿರಲಿಲ್ಲ ಇದು. ಹಸೈನಾರ್ಚನಿಗೆ ಗೊತ್ತಿತ್ತು.
ಅವರ ಉಮ್ಮನೂ ಬೀಡಿ ಕಟ್ಟಿದವರು.

ಬೆಳಿಗ್ಗೆ ಮಣಿಯಾಣಿ ಅಣ್ಣತಮ್ಮಂದಿರ ಪದವು.
ಎದೆಮಟ್ಟ ಮುಳಿಹುಲ್ಲು.
ಅದರೊಳಗೆ ಎಲ್ಲೋ ಒಂದು ಗಡಿಕಲ್ಲು,
ಸೋಮವಾರ ಸರ್ವೆಯವನು ಬರುವುದರೊಳಗೆ ಕಾಣಬೇಕು.
ಬ್ಲೇಡು ಹಾಕು, ಎಂದ ಅಣ್ಣ ಕುಂಞಂಬು, ಬೇಗ ಮುಗಿಯುತ್ತದೆ.
ಗಂಟೆ ಲೆಕ್ಕದ ಕೂಲಿ ಅವನ ಮನಸ್ಸಿನಲ್ಲಿ ಓಡುತ್ತಿತ್ತು.
ಕಲ್ಲಿನ ಮೂಲೆ ಹಾರಿದರೆ
ನಾಳೆ ಆ ಮೂಲೆಗೂ ನೀವು ಕೋರ್ಟಿಗೆ ಹೋಗುತ್ತೀರಿ,
ಎಂದು ದಾರವನ್ನೇ ಹಾಕಿದೆ.

ದಾರಕ್ಕೆ ಹುಲ್ಲು ಸಿಕ್ಕಾಗ ಒಂದು ಸದ್ದು,
ಸೀರೆ ಹರಿದ ಹಾಗೆ.
ಕಲ್ಲು ಸಿಕ್ಕಾಗ ಬೇರೆ, ಚಟಚಟ, ಒಗ್ಗರಣೆಯ ಹಾಗೆ.
ಮೊದಲ ಚಟಚಟಕ್ಕೆ ಕುಂಞಂಬು ನಕ್ಕ.
ನಾಲ್ಕು ಮಾರು ಆಚೆ ಇನ್ನೊಂದು. ತಮ್ಮ ಗೋಪಾಲ ನಕ್ಕ.
ಮೊಣಕಾಲಿಗೆ ಕಲ್ಲುಚೂರು ಬಡಿಯುತ್ತಿದೆ,
ಕಿವಿಯಲ್ಲಿ ಹತ್ತಿ, ಕನ್ನಡಕದ ಮೇಲೆ ಹಸಿರು ರಸ.
ನಡುವೆ ಇನ್ನೊಮ್ಮೆ ಸದ್ದು ಬೇರೆಯಾಯಿತು.
ಆಗ ಯಾರೂ ನಗಲಿಲ್ಲ.

ಎಂಜಿನ್ ಆರಿಸಿದೆ.
ಈಗಷ್ಟೇ ಕ್ಷೌರ ಮಾಡಿಸಿಕೊಂಡವರ ಹಾಗೆ
ಮೂರು ಕಲ್ಲುಗಳು, ಅರ್ಧ ಮಣ್ಣಿನಲ್ಲಿ.
ಯಾವ ಅಜ್ಜ ಯಾವಾಗ ನೆಟ್ಟದ್ದೋ,
ಯಾವ ರಾತ್ರಿ ಯಾರು ಕಿತ್ತು ಸರಿಸಿದ್ದೋ.
ಇಬ್ಬರೂ ನನ್ನ ಮುಖ ನೋಡಿದರು.

ನನ್ನ ಹತ್ತಿರ ಇರುವುದು ಹುಲ್ಲು ಕಡಿಯುವ ತಲೆ ಮಾತ್ರ, ಎಂದೆ.

ದಾರ ಬೆರಳಿನಷ್ಟು ಸವೆದಿತ್ತು. ಬಿಚ್ಚಿ ಹೊಸತು ಪೋಣಿಸಿದೆ.
ಅಷ್ಟರಲ್ಲಿ ಗೋಪಾಲನ ಹೆಂಡತಿ ಚಾ ತಂದಳು,
ಮೂರು ಲೋಟ.
ನೆರಳಿಲ್ಲದ ಪದವಿನಲ್ಲಿ ಕೂರಲು ಬೇರೆ ಜಾಗವಿರಲಿಲ್ಲ.
ಒಬ್ಬೊಬ್ಬರು ಒಂದೊಂದು ಕಲ್ಲಿನ ಮೇಲೆ ಕೂತು
ಕುಡಿದೆವು.